ಊರಿನ ಭತ್ತದ ತಳಿಯನ್ನು ಊರಿನವರ ಹೆಸರಿನಲ್ಲೇ ನೋಂದಾಯಿಸುವ ಬಗೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ ಇಂದಿಗೂ ಉಳಿದಿದ್ದರೆ, ಅದು ರೈತರು ವರ್ಷದಿಂದ ವರ್ಷಕ್ಕೆ ಬೀಜ ಕಾಯ್ದಿಟ್ಟುಕೊಂಡಿದ್ದರಿಂದ. ಇತರ ಭತ್ತಗಳು ತಾಳದ ಆ ನೆಲದಲ್ಲಿ ಮನೆಮಂದಿಯ ಅನ್ನ ನಿಂತಿರುವುದೇ ಆ ಬೀಜದ ಮೇಲೆ. ನಿಮ್ಮ ಊರಿನಲ್ಲೂ ಇಂಥ ತಳಿ ಇದ್ದರೆ, ಬೇರೆಯವರು ತಮ್ಮದೆಂದು ಹೇಳಿಕೊಳ್ಳುವ ಮೊದಲೇ ಅದನ್ನು ನೋಂದಾಯಿಸುವುದು ಒಳ್ಳೆಯದು.

ಬೀಜ ಉಳಿಸಿಕೊಳ್ಳುವುದಕ್ಕೆ ನೋಂದಣಿ ಬೇಕಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಮಿನ ಪ್ರಕಾರ, ಸಂರಕ್ಷಿತ, ಅಂದರೆ ಈ ಕಾಯ್ದೆಯಡಿ ನೋಂದಣಿಯಾದ, ತಳಿಯ ಬೀಜವನ್ನೂ ರೈತರು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಆದರೆ ಬ್ರಾಂಡ್ ಹಾಕಿ ಮಾರುವಂತಿಲ್ಲ.

ಅರ್ಜಿಯ ನಿಜವಾದ ಕೆಲಸ ಗದ್ದೆಯಲ್ಲಿ ಆರಂಭವಾಗುತ್ತದೆ. ತಳಿ ಇತರ ತಳಿಗಳಿಂದ ಭಿನ್ನವಾಗಿದೆ, ಏಕರೂಪವಾಗಿದೆ, ಸ್ಥಿರವಾಗಿದೆ ಎಂಬುದು ಪರೀಕ್ಷೆಯಲ್ಲಿ ಸಾಬೀತಾಗಬೇಕಾದ್ದರಿಂದ, ಒಂದು ಮಡಿಯನ್ನು ಬೀಜಕ್ಕೆಂದೇ ಬಿಟ್ಟು, ಹೂ ಬಿಡುವಾಗಲೂ ಕಟಾವಿಗೆ ಮುನ್ನವೂ ಅದರಲ್ಲಿ ಅಡ್ಡಾಡಿ ಬೆರಕೆ ಗಿಡಗಳನ್ನು ಕಿತ್ತುಹಾಕಬೇಕು. ತೆನೆ ಬಂದ ದಿನ, ಗಿಡದ ಎತ್ತರ, ಬುಡದ ಬಣ್ಣ, ಕಾಳಿನ ತುದಿಯಲ್ಲಿ ಮೀಸೆ ಇದೆಯೇ, ಅಕ್ಕಿ ಕೆಂಪೋ ಬಿಳಿಯೋ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡಿ. ಹಿರಿಯ ಹೆಂಗಸರನ್ನು ತಪ್ಪದೆ ಕೇಳಿ. ಬೀಜ ಆರಿಸಿ ಇಟ್ಟ ಅನೇಕರು ಅವರೇ.

ಅರ್ಜಿಯನ್ನು ಒಬ್ಬರೇ ರೈತರು ಸಲ್ಲಿಸಬಹುದು, ಗುಂಪಾಗಿಯೂ ಸಮುದಾಯವಾಗಿಯೂ ಸಲ್ಲಿಸಬಹುದು. ಹಲವು ತಲೆಮಾರುಗಳು ಕಾಪಾಡಿದ ತಳಿಯನ್ನು ಒಬ್ಬರ ಹೆಸರಿಗೆ ಬರೆಸುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ, ಆದ್ದರಿಂದ ಸಮುದಾಯದ ಹೆಸರನ್ನೇ ಆರಿಸಿಕೊಳ್ಳಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಜಿಲ್ಲಾ ಕೃಷಿ ಅಧಿಕಾರಿ ಅರ್ಜಿಯನ್ನು ದೃಢೀಕರಿಸಬಹುದು. ರೈತರಿಗೆ ಶುಲ್ಕವಿಲ್ಲ. ಈ ಕಾಯ್ದೆಯಡಿ ತಳಿಗಳನ್ನು ನೋಂದಾಯಿಸುವ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ.

ಅರ್ಜಿ ಸ್ವೀಕೃತವಾಗಿ ಪ್ರಕಟಣೆಯಾದ ಮೇಲೆ ಆಕ್ಷೇಪಿಸಲು ಮೂರು ತಿಂಗಳ ಅವಕಾಶವಿರುತ್ತದೆ. ನಿಮ್ಮ ತಳಿಯನ್ನು ಹೋಲುವ ಇತರರ ಅರ್ಜಿಗಳ ಮೇಲೂ ಇದೇ ಅವಧಿಯಲ್ಲಿ ಕಣ್ಣಿಡಬೇಕು. ಭತ್ತದ ನೋಂದಣಿ ಮೊದಲು 6 ವರ್ಷಗಳಿಗೆ ಸಿಗುತ್ತದೆ, ನವೀಕರಿಸಿದರೆ ಒಟ್ಟು 15 ವರ್ಷ ಇರುತ್ತದೆ. ನವೀಕರಣದ ದಿನಾಂಕವನ್ನು ಸಮಿತಿಯ ಪುಸ್ತಕದಲ್ಲಿ ಈಗಲೇ ಬರೆದಿಡಿ.