ಲೈಬ್ರರಿಯ ಪುಸ್ತಕಪಟ್ಟಿ ಡೇಟಾಬೇಸಿನಿಂದ ನೇರ ಪ್ರೆಸ್ಸಿಗೆ ಹೋದದ್ದು

ಬಸವನಗುಡಿ ಕಡೆಯ ನಮ್ಮ ಲೈಬ್ರರಿ ಚಿಕ್ಕದು. ಕನ್ನಡ ಪುಸ್ತಕಗಳೇ ಜಾಸ್ತಿ. ಅಷ್ಟರ ವಿವರವೂ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಆದರೆ ನಮ್ಮಲ್ಲಿಗೆ ಬರುವ ಹಿರಿಯರಿಗೆ ಕಂಪ್ಯೂಟರ್ ಮುಂದೆ ಕೂತು ಹುಡುಕುವುದು ಹಿಡಿಸುವುದಿಲ್ಲ. ಪುಟ ತಿರುಗಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಮನೆಗೆ ಒಯ್ಯುವಂಥ ಪಟ್ಟಿ ಬೇಕು ಅಂದರು. ಅದನ್ನು ಅಚ್ಚು ಹಾಕಿಸುವ ಕೆಲಸವನ್ನು ನಾನು ವಹಿಸಿಕೊಂಡೆ.

ಸಾಮಾನ್ಯವಾಗಿ ಇಂಥ ಕೆಲಸಕ್ಕೆ ವಿವರಗಳನ್ನು ಎಕ್ಸೆಲ್‌ಗೆ ತೆಗೆದು ಡಿಟಿಪಿಯವರಿಗೆ ಕೊಡುತ್ತಾರೆ. ಅವರು ಪುಟ ಕಟ್ಟುತ್ತಾರೆ. ಪ್ರೂಫ್ ನೋಡಿ ತಿದ್ದಿದ್ದೆಲ್ಲ ಆ ಪುಟದಲ್ಲೇ ಉಳಿದುಬಿಡುತ್ತದೆ, ಡೇಟಾಬೇಸಿಗೆ ವಾಪಸ್ ಬರುವುದಿಲ್ಲ. ಮುಂದಿನ ಮುದ್ರಣದಲ್ಲಿ ಅವೇ ತಪ್ಪುಗಳು ಮತ್ತೆ. ಅದಕ್ಕೇ ನಾನು ಒಂದು ನಿಯಮ ಹಿಡಿದೆ. ಪುಟವನ್ನು ಕೈಯಿಂದ ಮುಟ್ಟುವುದಿಲ್ಲ. ತಪ್ಪು ಎಲ್ಲೇ ಕಂಡರೂ ದಾಖಲೆಯಲ್ಲೇ ತಿದ್ದಬೇಕು, ಆಮೇಲೆ ಇಡೀ ಪುಸ್ತಕ ಹೊಸದಾಗಿ ತಯಾರಾಗಬೇಕು.

ಹೆಚ್ಚು ದುಡಿಮೆ ಹೋದದ್ದು ದಾಖಲೆ ಸರಿಮಾಡುವುದಕ್ಕೇ. ಹಳೆಯ ದಾಖಲೆಗಳು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಟೈಪಾಗಿದ್ದವು. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ರೋಮನ್ ಅಕ್ಷರಗಳು. ಪರಿವರ್ತಕದಿಂದ ಯೂನಿಕೋಡಿಗೆ ತಂದ ಮೇಲೆ ಮೊದಲು ಅರ್ಕಾವತ್ತು ನೋಡಿಕೊಳ್ಳಬೇಕು. ಹಳೆ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. 'ಧರ್ಮ', 'ಸೂರ್ಯ', 'ಅರ್ಥಶಾಸ್ತ್ರ' ಇರುವ ಸಾಲುಗಳನ್ನೆಲ್ಲ ಬೇರೆ ತೆಗೆದು ಓದಿದೆವು.

ಇದಕ್ಕಿಂತ ಕಾಡಿದ್ದು ಸೊನ್ನೆ. ಕನ್ನಡದ ಅಂಕಿ ಸೊನ್ನೆಯನ್ನೇ ಅನುಸ್ವಾರ ಅಂತ ಟೈಪ್ ಮಾಡಿದವರು ಬಹಳ ಜನ. 'ಬೆ೦ಗಳೂರು', 'ಬೆಂಗಳೂರು' ಎರಡೂ ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಡೇಟಾಬೇಸಿಗೆ ಅವು ಬೇರೆ ಬೇರೆ ಪದಗಳು. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ಎಲ್ಲೋ ಹೋಗಿ ಕೂರುತ್ತವೆ. ಅಕ್ಷರವಾದ ಕೂಡಲೇ ಬಂದ, ಅಕ್ಕಪಕ್ಕದಲ್ಲಿ ಬೇರೆ ಅಂಕಿಯಿಲ್ಲದ ಸೊನ್ನೆಗಳನ್ನೆಲ್ಲ ಡೇಟಾಬೇಸಿಗೆ ಕೊಡುವ ಒಂದು ಆದೇಶದಿಂದ (ಕ್ವೆರಿ) ಹುಡುಕಿ ಬದಲಾಯಿಸಿದೆ. ಕನ್ನಡದ ಯಾವ ಹಳೆ ಡೇಟಾ ಕೈಗೆ ಬಂದರೂ ಮೊದಲು ಇದನ್ನು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಅಕಾರಾದಿಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಯದು, 'ಹ' ಆದ ಮೇಲೆ. ಯೂನಿಕೋಡಿನ ಸಂಕೇತಪಟ್ಟಿಯಲ್ಲಿ ಅದು 'ಲ' ಪಕ್ಕದಲ್ಲಿದೆ. ಹಾಗಾಗಿ ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ 'ಬಳ್ಳಾರಿ' ಮೊದಲು ಬಂದು 'ಬಸವ' ಆಮೇಲೆ ಬರುತ್ತದೆ. ನಿಘಂಟು ನೋಡಿ ಬೆಳೆದವರಿಗೆ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಐಸಿಯು ಕೊಲೇಷನ್, ಅಂದರೆ ಆಯಾ ಭಾಷೆಯ ಅಕಾರಾದಿ ನಿಯಮ, ಬಳಸಬಹುದು. ಕನ್ನಡದ ಕೊಲೇಷನ್ ಹಾಕಿದೆ, ಕ್ರಮ ಸರಿಹೋಯಿತು.

ಪುಟ ಕಟ್ಟುವುದಕ್ಕೆ ವೀಸಿಪ್ರಿಂಟ್ ಆರಿಸಿಕೊಂಡೆ. ಪೈಥಾನ್ ಪ್ರೋಗ್ರಾಂ ದಾಖಲೆಗಳನ್ನು ಓದಿ ಎಚ್‌ಟಿಎಂಎಲ್ (ವೆಬ್ ಪುಟದ ರೂಪ) ಮಾಡುತ್ತದೆ, ವೀಸಿಪ್ರಿಂಟ್ ಅದನ್ನು ಪಿಡಿಎಫ್ ಮಾಡುತ್ತದೆ. ಪಿಡಿಎಫ್ ಮಾಡುವ ಸಲಕರಣೆ ಬೇಕಾದಷ್ಟಿವೆ. ಆದರೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್‌ನಂಥ ಎಂಜಿನ್ ಇಲ್ಲದ ಕಡೆ ಒತ್ತಕ್ಷರ ಒಡೆದುಹೋಗುತ್ತದೆ. ವೀಸಿಪ್ರಿಂಟ್ ಪ್ಯಾಂಗೊ ಎಂಬ ತಂತ್ರಾಂಶದ ಮೂಲಕ ಹಾರ್ಫ್‌ಬಜ್ ಬಳಸುತ್ತದೆ. ಯಾವ ಸಲಕರಣೆಯನ್ನೇ ನೋಡಲಿ, ನಾನು ಮೊದಲು ಒಂದು ಪುಟ ತೆಗೆಯುವುದು 'ರಾಷ್ಟ್ರ, ಸ್ತ್ರೀ, ಜ್ಞಾನ, ಕೃಷ್ಣ, ರ್‍ಯಾಂಕ್' ಅಂತ ಬರೆದು. ಅಷ್ಟೂ ಸರಿಯಾಗಿ ಬಂದರೆ ಮಾತ್ರ ಮುಂದಕ್ಕೆ. 'ಸ್ತ್ರೀ', 'ರಾಷ್ಟ್ರ' ಎರಡು ಅಂತಸ್ತು ಕೆಳಗಿಳಿಯುವ ಪದಗಳು, ಅವಕ್ಕೆ ಸಾಲುಗಳ ನಡುವೆ ಜಾಗ ಬೇಕು. 10 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲು ಕೊಟ್ಟೆ. ಕಾಲಮ್ಮು ಕಿರಿದಾದ್ದರಿಂದ ಸಾಲುಗಳನ್ನು ಬಲಗಡೆಗೆ ಎಳೆದು ಸಮ ಮಾಡಲಿಲ್ಲ. ಕನ್ನಡದ ಉದ್ದ ಪದಗಳ ನಡುವೆ ಬೀಳುವ ಖಾಲಿ ಜಾಗ ನೋಡಲು ಚೆನ್ನಾಗಿರುವುದಿಲ್ಲ.

ಪ್ರೂಫ್ ತಿದ್ದುವುದಕ್ಕೆ ಮಾಡಿಕೊಂಡ ಏರ್ಪಾಡು ನನಗೆ ತುಂಬ ಇಷ್ಟವಾದದ್ದು. ಪ್ರೂಫಿನಲ್ಲಿ ಪ್ರತಿ ಪುಸ್ತಕದ ಪಕ್ಕ ಅದರ ದಾಖಲೆ ಸಂಖ್ಯೆ ಸಣ್ಣದಾಗಿ ಅಚ್ಚಾಗುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಓದಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು. ನಾನು ಆ ಸಂಖ್ಯೆ ಹಿಡಿದು ನೇರ ದಾಖಲೆಗೆ ಹೋಗುತ್ತಿದ್ದೆ. "ಪುಟ ಮುಂದೆ ಹಿಂದೆ ಆದ್ರೂ ನಿಮಗೆ ಸಿಗುತ್ತಲ್ವಾ?" ಅಂತ ಅವರು ಕೇಳಿದರು. ಸಿಗುತ್ತದೆ ಸಾರ್ ಅಂದೆ, ಏಕೆಂದರೆ ಪುಟಸಂಖ್ಯೆ ಬದಲಾದರೂ ದಾಖಲೆ ಸಂಖ್ಯೆ ಬದಲಾಗುವುದಿಲ್ಲ. ಕೊನೆಯ ಪ್ರತಿಯಲ್ಲಿ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ಒಂದೇ ಸಾಲಿನಿಂದ ಆ ಸಂಖ್ಯೆಗಳನ್ನೆಲ್ಲ ಮರೆಮಾಡಿದೆ.

ಅಚ್ಚು ಹಾಕಿದ್ದು ಚಾಮರಾಜಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ. ಸೈಜು ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಳಪುಟಗಳಿಗೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್‌ಲಿಥೋ ಕಾಗದ. ಒಂದು ಫಾರ್ಮಿಗೆ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ಹಾಳೆಗೆ, 16 ಪುಟ. ಕೊನೆಯ ಫಾರ್ಮಿನಲ್ಲಿ ಉಳಿದ ಪುಟಗಳಿಗೆ ಗೆರೆ ಹಾಕಿ, ಓದುಗರು ಬರೆದುಕೊಳ್ಳಲಿ ಅಂತ ಬಿಟ್ಟೆವು.

ಪ್ರೆಸ್ಸಿಗೆ ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಲೇಬೇಕು. ಒಂದು, ಫಾಂಟ್ ಪಿಡಿಎಫ್ ಒಳಗೇ ಸೇರಿದೆಯಾ (ಎಂಬೆಡ್) ಅಂತ. ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶದ ಜೊತೆ ಬರುವ ಪಿಡಿಎಫ್‌ಫಾಂಟ್ಸ್ ಅದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಎರಡು, ಕಪ್ಪು ನಿಜವಾಗಿಯೂ ಬರೀ ಕಪ್ಪಾ ಅಂತ. ಎಚ್‌ಟಿಎಂಎಲ್‌ನಿಂದ ಬಂದ ಕಪ್ಪು ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ್ದು. ಅದನ್ನು ಹಾಗೇ ಕೊಟ್ಟರೆ ನಾಲ್ಕು ಬಣ್ಣದ ಮಿಶ್ರಣವಾಗಿಬಿಡಬಹುದು. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತುಗಳ ಅಂಚು ಮಸುಕಾಗುತ್ತದೆ. ಅದಕ್ಕೇ ಒಳಪುಟಗಳನ್ನು ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಿಂದ ಗ್ರೇಸ್ಕೇಲ್ (ಬರೀ ಕಪ್ಪು-ಬೂದು) ಮಾಡಿ, ಒಂದೇ ಪ್ಲೇಟಿಗೆ ಬರುವಂತೆ ಕೊಟ್ಟೆ. ಬಣ್ಣದ ಮುಖಪುಟವನ್ನು ಬೇರೆ ಫೈಲ್ ಮಾಡಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಟ್ಟೆ.

ಈಗ ಅದೇ ದಾಖಲೆಗಳಿಂದ ಪುಸ್ತಕದ ಬೆನ್ನಿಗೆ ಅಂಟಿಸುವ ಲೇಬಲ್‌ಗಳನ್ನೂ ತೆಗೆಯುತ್ತಿದ್ದೇವೆ. ಎ4 ಲೇಬಲ್ ಹಾಳೆ, ಲೈಬ್ರರಿಯ ಸಾಮಾನ್ಯ ಲೇಸರ್ ಪ್ರಿಂಟರ್ ಸಾಕು. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ತೆಗೆದು 100 ಪರ್ಸೆಂಟ್ ಇಡಿ. ಇಲ್ಲದಿದ್ದರೆ ಮೇಲಿನ ಸಾಲು ಸರಿಯಾಗಿ ಕೂತು, ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಲೇಬಲ್‌ನಿಂದ ಆಚೆ ಹೋಗಿರುತ್ತದೆ.