ಟಿವಿಗೆ ಸಿಗಿಸಿರೋ ಕಂಪ್ಯೂಟರ್‌ನಲ್ಲಿ ಸಿನಿಮಾ ಜರ್ಕ್ ಹೊಡೀತಿದ್ಯಾ? ರ‍್ಯಾಮ್ ತರೋಕ್ ಮುಂಚೆ ಇದನ್ನ ಓದಿ

ಮೈಸೂರು, ಮಂಡ್ಯ ಕಡೆ ಹಳೇ ಆಫೀಸ್ ಕಂಪ್ಯೂಟರ್ ತಗೊಂಡು ಹಾಲ್‌ನಲ್ಲಿರೋ ಟಿವಿಗೆ ಸಿಗಿಸ್ಕೊಂಡು ಸಿನಿಮಾ ನೋಡೋರು ಸುಮಾರು ಜನ ಇದಾರೆ, ಒಳ್ಳೇದೇ. ಆದ್ರೆ ವಿಡಿಯೋ ತಡವರಿಸೋಕ್ ಶುರುವಾದ ತಕ್ಷಣ ಎಲ್ರೂ ಮಾಡೋದು ಅವೇ ಮೂರು ಕೆಲ್ಸ: ರ‍್ಯಾಮ್ ಹಾಕ್ಸೋದು, ಫಾರ್ಮ್ಯಾಟ್ ಹೊಡ್ಸೋದು, ನೆಟ್ ಪ್ಲಾನ್ ದೊಡ್ಡದು ಮಾಡ್ಸೋದು. ಕುವೆಂಪುನಗರದಲ್ಲಿ ಪರಿಚಯದೋರೊಬ್ರು ಮೂರೂ ಮಾಡ್ಸಿದ್ರು, ಜರ್ಕ್ ಮಾತ್ರ ಹಂಗೇ ಇತ್ತು, ಆಮೇಲ್ ನೋಡಿದ್ರೆ ಡಿಸ್‌ಪ್ಲೇ ಸೆಟ್ಟಿಂಗ್ 30 ಹರ್ಟ್ಸ್‌ನಲ್ಲಿ ಕೂತಿತ್ತು, ಅಂದ್ರೆ ಪರದೆ ಸೆಕೆಂಡಿಗೆ 30 ಸಲ ಮಾತ್ರ ಬದಲಾಗ್ತಿತ್ತು. ಒಂದು ಪೈಸೆ ಖರ್ಚಿಲ್ದೆ ಸರಿಹೋಗೋ ಕೆಲ್ಸ ಅದು.

ಹೆಜ್ಜೆ 1: ಜರ್ಕ್ ಯಾವ ಥರದ್ದು ನೋಡಿ

ವಿಡಿಯೋ ನಿಂತು, ಚಕ್ರ ಸುತ್ತಿ, ಮತ್ತೆ ಓಡಿದ್ರೆ ಅದು ನೆಟ್ಟು ಇಲ್ಲಾ ವೈಫೈ. ಬೇರೆ ಕಡೆಯಿಂದ ಓಡ್ಸ್ತಿರೋ ಫೈಲಾದ್ರೆ ಕಂಪ್ಯೂಟರ್ ಒಳಗಿನ ಡಿಸ್ಕಿಗೆ ಕಾಪಿ ಮಾಡಿ ನೋಡಿ, ಆಗ ಚೆನ್ನಾಗಿ ಓಡಿದ್ರೆ ಟಿವಿ ಪಕ್ಕದ ಕಂಪ್ಯೂಟರ್ ತನಕ ಒಂದು ಲ್ಯಾನ್ ವೈರ್ ಎಳ್ಸಿ, ಮುಗೀತು. ಸೌಂಡ್ ಸರಿಯಾಗಿ ಬರ್ತಿದೆ, ಚಿತ್ರ ಮಾತ್ರ ಹಿಂದೆ ಬೀಳ್ತಿದೆ ಅಂದ್ರೆ ಹೆಜ್ಜೆ 2. ಕೂತು ಮಾತಾಡೋ ಸೀನ್ ಚೆನ್ನಾಗಿದೆ, ಕ್ಯಾಮರಾ ಪಕ್ಕಕ್ಕೆ ಸರಿಯೋವಾಗ ಮಾತ್ರ ಎಳೆದು ಎಳೆದು ಬಿಟ್ಟಂಗೆ ಆಗುತ್ತೆ ಅಂದ್ರೆ ಸೀದಾ ಹೆಜ್ಜೆ 3ಕ್ಕೆ ಹೋಗಿ.

ಹೆಜ್ಜೆ 2: ವಿಡಿಯೋ ಬಿಚ್ಚೋ ಕೆಲ್ಸ ಯಾರು ಮಾಡ್ತಿದಾರೆ?

ವಿಡಿಯೋ ಫೈಲನ್ನ ಒತ್ತಿ ಚಿಕ್ಕದು ಮಾಡಿರ್ತಾರೆ, ಅದನ್ನ ಬಿಚ್ಚೋದಕ್ಕೇ ಡೀಕೋಡ್ ಅನ್ನೋದು. ಸಿನಿಮಾ ಓಡ್ತಿರೋವಾಗ್ಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಒತ್ತಿ, ಅಲ್ಲಿ ವಿಡಿಯೋ ಡೀಕೋಡ್ ಅಂತ ಒಂದು ಗ್ರಾಫ್ ಇರುತ್ತೆ (ಎಎಂಡಿ ಕಾರ್ಡಲ್ಲಿ ವಿಡಿಯೋ ಕೋಡೆಕ್ ಅಂತ ಇರಬಹುದು). ಅದು ಸೊನ್ನೆ ಹೊಡ್ಕೊಂಡು ಮಲಗಿದೆ, ಸಿಪಿಯು (ಮುಖ್ಯ ಚಿಪ್) ಶೇಕಡಾ 90-100ಕ್ಕೆ ಏರಿ ಕೂತಿದೆ ಅಂದ್ರೆ ಎಲ್ಲಾ ಭಾರ ಸಿಪಿಯು ಮೇಲೇ ಬಿದ್ದಿದೆ. ವಿಎಲ್‌ಸಿ ಪ್ಲೇಯರಲ್ಲಿ ನೋಡ್ತಿದ್ರೆ ಕಂಟ್ರೋಲ್ ಜೆ ಒತ್ತಿ, ಫೈಲ್ ಯಾವ ಕೋಡೆಕ್ (ವಿಡಿಯೋ ಒತ್ತಿರೋ ವಿಧಾನ) ಅನ್ನೋದೂ ಗೊತ್ತಾಗುತ್ತೆ, ಪಕ್ಕದ ಸ್ಟ್ಯಾಟಿಸ್ಟಿಕ್ಸ್ ಟ್ಯಾಬಲ್ಲಿ ಎಷ್ಟು ಫ್ರೇಮ್, ಅಂದ್ರೆ ಎಷ್ಟು ಚಿತ್ರ ಕಳ್ದೋಗಿದೆ ಅನ್ನೋದೂ ಕಾಣುತ್ತೆ.

ಇಂಟೆಲ್ ಚಿಪ್ ಲೆಕ್ಕ ಹಿಂಗಿದೆ (ನಂಬರ್ ನೋಡಿ ಜನರೇಷನ್ ಹೇಳೋದು ಕೊನೇಲಿದೆ): ಎಚ್.264 ಹಳೇ ಮಷೀನೂ ಆರಾಮಾಗಿ ಓಡ್ಸುತ್ತೆ. ಎಚ್.265, ಅಂದ್ರೆ ಎಚ್‌ಇವಿಸಿ, 8 ಬಿಟ್ (ಬಿಟ್ ಅಂದ್ರೆ ಬಣ್ಣದ ಸೂಕ್ಷ್ಮತೆ) ಆದ್ರೆ 6ನೇ ಜನರೇಷನ್, 10 ಬಿಟ್ ಆದ್ರೆ 7ನೇ ಜನರೇಷನ್ ಬೇಕು, ಎವಿ1 ಆದ್ರೆ 11ನೇದು. ನಿಮ್ಮದು 4ನೇ ಜನರೇಷನ್ ಐ5, ಅದ್ರಲ್ಲಿ 4ಕೆ 10 ಬಿಟ್ ಫೈಲ್ ಹಾಕಿದೀರಾ ಅಂದ್ರೆ 32 ಜಿಬಿ ರ‍್ಯಾಮ್ ಹಾಕ್ಸಿದ್ರೂ ಅದು ತಡವರಿಸೋದೇ ಕಣ್ರೀ. ಅಂಥ ಮಷೀನಿಗೆ 1080ರ ಫೈಲ್ ಹಾಕಿ, ಹತ್ತಡಿ ದೂರ ಕೂತು 43 ಇಂಚಿನ ಟಿವಿ ನೋಡೋರಿಗೆ ವ್ಯತ್ಯಾಸ ಏನೂ ಕಾಣಲ್ಲ.

ಚಿಪ್‌ಗೆ ತಾಕತ್ತಿದೆ, ಆದ್ರೂ ಗ್ರಾಫ್ ಸೊನ್ನೇನಾ? ಹಂಗಾದ್ರೆ ವಿಎಲ್‌ಸಿ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡೀಕೋಡಿಂಗ್ ಡಿಸೇಬಲ್ ಆಗಿರುತ್ತೆ, ಆಟೋಮ್ಯಾಟಿಕ್‌ಗೆ ಹಾಕಿ. ಇಲ್ಲಾ ಗ್ರಾಫಿಕ್ಸ್ ಡ್ರೈವರ್ ಇರಲ್ಲ, ಅದನ್ನ ಚಿಪ್ ಕಂಪನಿ ಸೈಟಿಂದಾನೇ ಇಳಿಸ್ಕೊಳಿ. ಒಂದೇ ಕ್ಲಿಕ್ಕಿಗೆ ಎಲ್ಲಾ ಡ್ರೈವರ್ ಅಪ್‌ಡೇಟ್ ಮಾಡ್ತೀವಿ ಅನ್ನೋ ಸಾಫ್ಟ್‌ವೇರ್‌ಗಳನ್ನ ಹತ್ರಾನೂ ಬಿಟ್ಕೋಬೇಡಿ, ಕೋಡೆಕ್ ಪ್ಯಾಕೂ ಅಷ್ಟೇ, ಪ್ಲೇಯರ್ ಒಳಗೇ ಎಲ್ಲಾ ಇದೆ. ಯೂಟ್ಯೂಬ್ ಮಾತ್ರ ಜರ್ಕ್ ಹೊಡೀತಿದ್ರೆ ಬ್ರೌಸರ್ ಸೆಟ್ಟಿಂಗಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆನ್ ಇದ್ಯಾ ನೋಡಿ, ಅದೂ ಆಗ್ಲಿಲ್ಲ ಅಂದ್ರೆ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಷನ್ ಹಾಕ್ಕೊಳಿ, 1080 ದಾಟಿ ಹೋಗಲ್ಲ, ಆದ್ರೆ ಓಡುತ್ತೆ.

ಹೆಜ್ಜೆ 3: ಹರ್ಟ್ಸ್ ಹೊಂದ್ಸಿ

ಎಲ್ರೂ ಎಡವೋದು ಇಲ್ಲೇ. ಫ್ರೇಮ್ ಒಂದೂ ಕಳ್ದಿಲ್ಲ, ಸಿಪಿಯು ತಣ್ಣಗಿದೆ, ಆದ್ರೂ ಕಣ್ಣಿಗೆ ಹಿತ ಇಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ (ಫೈಲಲ್ಲಿ ಸಾಮಾನ್ಯವಾಗಿ 23.976 ಅಂತಿರುತ್ತೆ), ಟಿವಿ ಸೆಕೆಂಡಿಗೆ 60 ಸಲ ಪರದೆ ಬದಲಾಯಿಸ್ತಿರುತ್ತೆ. 60ನ್ನ 24ರಿಂದ ಭಾಗ್ಸಿದ್ರೆ ಎರಡೂವರೆ ಬರುತ್ತೆ, ಅರ್ಧ ಸಲ ತೋರ್ಸೋಕಾಗಲ್ವಲ್ಲ, ಅದಕ್ಕೆ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ, ಹಿಂಗೇ ಹೋಗುತ್ತೆ. ಕ್ಯಾಮರಾ ನಿಧಾನಕ್ಕೆ ಸರಿಯೋವಾಗ ಈ ಏರುಪೇರೇ ಕಾಣೋದು. ನಮ್ಮ ಟಿವಿ ಪ್ರಸಾರದ ಲೆಕ್ಕ ಬೇರೆ, 25 ಫ್ರೇಮ್, 50 ಹರ್ಟ್ಸ್. ಜಂಬೂಸವಾರಿ ರೆಕಾರ್ಡಿಂಗ್ ಇಟ್ಕೊಂಡಿದ್ರೆ ಅದಕ್ಕಿಂತ ಒಳ್ಳೇ ಟೆಸ್ಟ್ ಇಲ್ಲ: ಕ್ಯಾಮರಾ ಆನೆ ಜೊತೆ ಸರಿಯೋವಾಗ 60ರಲ್ಲಿ ಒಂದು ಸಲ, 50ರಲ್ಲಿ ಒಂದು ಸಲ ನೋಡಿ. ಹಾಂ, ಆ ರೆಕಾರ್ಡಿಂಗಲ್ಲಿ ಅಲ್ಲಾಡೋ ಅಂಚಲ್ಲೆಲ್ಲಾ ಬಾಚಣಿಗೆ ಹಲ್ಲಿನ ಥರ ಗೆರೆ ಬಂದ್ರೆ ಅದು ಇಂಟರ್ಲೇಸ್ (ಒಂದು ಸಲಕ್ಕೆ ಅರ್ಧ ಗೆರೆ ಮಾತ್ರ ಕಳಿಸೋ ವಿಧಾನ), ವಿಎಲ್‌ಸಿಯಲ್ಲಿ ಡೀಇಂಟರ್ಲೇಸ್ ಆನ್ ಮಾಡಿ, ಮೋಡ್ ಯಾಡಿಫ್ 2ಎಕ್ಸ್ ಇರ್ಲಿ.

ಬದಲಾಯಿಸೋದು ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ. ಸಿನಿಮಾಗೆ 23 ಅಂತ ಇದ್ರೆ ಅದು, ಇಲ್ಲಾಂದ್ರೆ 24, ಟಿವಿ ರೆಕಾರ್ಡಿಂಗಿಗೆ 50. ಪ್ರತಿ ಸಲ ಯಾರು ಬದಲಾಯಿಸ್ತಾ ಕೂರ್ತಾರೆ ಅಂತೀರಾ, ಅದಕ್ಕೇ ನಾನು ಸಿನಿಮಾಗೆ ವಿಎಲ್‌ಸಿ ಬೇಡ, ಕೋಡಿ ಅನ್ನೋ ಪ್ಲೇಯರ್ ಹಾಕ್ಕೊಳಿ ಅನ್ನೋದು. ಅದ್ರಲ್ಲಿ ಪ್ಲೇಯರ್ ಸೆಟ್ಟಿಂಗ್ಸ್, ವಿಡಿಯೋಸ್ ಒಳಗೆ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಅಂತಿದೆ, ಆನ್ ಸ್ಟಾರ್ಟ್/ಸ್ಟಾಪ್‌ಗೆ ಹಾಕ್ಬುಡಿ. ಕಾಣ್ದಿದ್ರೆ ಕೆಳಗೆ ಎಡಮೂಲೆಯ ಗೇರ್ ಒತ್ತಿ ಎಕ್ಸ್‌ಪರ್ಟ್ ತನಕ ಹೋಗಿ. ಸಿನಿಮಾ ಶುರುವಾಗೋವಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗುತ್ತೆ, ಗಾಬರಿ ಬೇಡ.

4ಕೆ ಟಿವಿಯೋರು ಇನ್ನೊಂದು ನೋಡಿ. ಎಚ್‌ಡಿಎಂಐ 1.4 ಪೋರ್ಟಲ್ಲಿ 4ಕೆ ಅಂದ್ರೆ 30 ಹರ್ಟ್ಸೇ ಗತಿ, 60 ಬೇಕಾದ್ರೆ 2.0 ಬೇಕು. 30ರಲ್ಲಿ ಮೌಸೂ ಎಳೆದಾಡುತ್ತೆ, 24ರ ಸಿನಿಮಾ ಅಂತೂ ನೋಡೋಕಾಗಲ್ಲ. ಕೇಬಲ್ ಬದಲಾಯಿಸಿದ್ರೂ ಪೋರ್ಟ್ ಹಳೇದಾದ್ರೆ ಪ್ರಯೋಜನ ಇಲ್ಲ, ಅದ್ರ ಬದ್ಲು ರೆಸಲ್ಯೂಷನ್ 1080ಕ್ಕೆ ಇಳಿಸಿ 60ಕ್ಕೆ ಹಾಕಿ, ಇಲ್ಲಾ 4ಕೆಯಲ್ಲೇ 24 ಇಡಿ. ಪೋರ್ಟ್ 2.0 ಇದ್ರೂ 60 ಬರ್ತಿಲ್ಲ ಅಂದ್ರೆ ಟಿವಿ ಮೆನುವಿನಲ್ಲಿ ಆ ಎಚ್‌ಡಿಎಂಐಗೆ ಎನ್‌ಹ್ಯಾನ್ಸ್ಡ್ ಥರದ್ದೊಂದು ಆಯ್ಕೆ ಆಫ್ ಇರುತ್ತೆ. ಆ ಮೆನುಗೆ ಹೋದಾಗ್ಲೇ ಮೋಷನ್ ಸ್ಮೂದಿಂಗೂ (ಟಿವಿಯೇ ನಡುವೆ ಚಿತ್ರ ಸೇರ್ಸೋದು) ಆಫ್ ಮಾಡಿ, ಸಿನಿಮಾ ಎಲ್ಲಾ ಧಾರಾವಾಹಿ ಥರ ಕಾಣುತ್ತೆ ಅದ್ರಲ್ಲಿ.

ಹೆಜ್ಜೆ 4: ಅರ್ಧ ಗಂಟೆ ಆದ್ಮೇಲೆ ಜರ್ಕ್ ಬಂದ್ರೆ

ಬಿಸಿ. ಟಿವಿ ಸ್ಟ್ಯಾಂಡ್ ಒಳಗಿಂದ ಆಚೆ ತೆಗ್ದು ಫ್ಯಾನ್ ಧೂಳು ಹೊಡೀರಿ.

ಇಷ್ಟಾದ್ರೂ ಆಗ್ಲಿಲ್ಲ, ಚಿಪ್ಪೇ ಹಳೇದು ಅಂದ್ರೆ ಆಗ ದುಡ್ಡು ಬಿಚ್ಚಿ, ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಸಾಕು. ವಿಡಿಯೋಗೆ 7ನೇ ಜನರೇಷನ್ ಸಾಕಾದ್ರೂ 8ನೇದು ಕೇಳಿ, ಯಾಕಂದ್ರೆ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರಿಗೆ ಮುಗೀತು, ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ರಿಂದಾನೇ ಶುರು. ಅಂಗಡಿಯೋರು ಬರೀ ಐ5 ಸಾರ್ ಅಂದ್ರೆ ಒಪ್ಕೋಬೇಡಿ, ಪೂರ್ತಿ ನಂಬರ್ ಕೇಳಿ: ಐ5 8500 ಅಂದ್ರೆ 8ನೇದು, 10400 ಅಂದ್ರೆ 10ನೇದು, 4570 ಅಂದ್ರೆ ಅಲ್ಲೇ ಬಿಟ್ಟು ಬನ್ನಿ.