ಎಸ್‌ಎಸ್‌ಎಚ್ ಉಲ್ಟಾ ಟನಲ್: ಅರವತ್ತು ಬಾಕ್ಸಿಗೆ ಒಂದೇ ಸರ್ವರ್

"ಮೈನಸ್ ಆರ್ ಹಾಕಿಕೊಂಡು ಅರವತ್ತು ಬಾಕ್ಸ್ ನಡೆಸೋದಾ? ಒಂದು ವಾರ ಬಾಳಿದರೆ ಹೇಳಿ" ಅಂದವರೇ ಜಾಸ್ತಿ. ಎಸ್‌ಎಸ್‌ಎಚ್ ಅಂದರೆ ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ. ಅದಕ್ಕೆ ಮೈನಸ್ ಆರ್ ಹಾಕಿದರೆ ದೂರದ ಬಾಕ್ಸೇ ಸರ್ವರ್‌ಗೆ ಸಂಪರ್ಕ ತೆರೆಯುತ್ತದೆ, ನಾವು ಅದರೊಳಗಿಂದ ಬಾಕ್ಸಿಗೆ ಹೋಗುತ್ತೇವೆ. ಅದೇ ಉಲ್ಟಾ ಟನಲ್. ಈಗ ಎರಡು ವರ್ಷ ದಾಟಿದೆ. ಹಾಗೆ ನಕ್ಕವರಲ್ಲೇ ಒಂದಿಬ್ಬರು ಮೊನ್ನೆ ನನ್ನ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಯೂನಿಟ್ ಫೈಲ್ ಕೇಳಿದರು. ಅದಕ್ಕೇ ಬರೆದುಬಿಡೋಣ ಅನ್ನಿಸಿತು. ಪಾಸ್‌ವರ್ಡ್ ಬದಲು ಬಳಸುವ ಕೀ ಮಾಡುವುದು, ಅದನ್ನು ಸರ್ವರ್‌ಗೆ ಹಾಕುವುದು, ಇದೆಲ್ಲ ನಿಮಗೆ ಗೊತ್ತಿದೆ ಅಂತಲೇ ಹಿಡಿದಿದ್ದೇನೆ.

ನಾನು ನೋಡಿಕೊಳ್ಳುವುದು ಅಂಗೈ ಅಗಲದ ಲಿನಕ್ಸ್ ಬಾಕ್ಸ್‌ಗಳನ್ನು. ಒಂದೊಂದು ಒಂದೊಂದು ಮೂಲೆಯಲ್ಲಿ. ಒಂದೊಂದಕ್ಕೂ ಒಂದು 4ಜಿ ರೌಟರ್. ಎಲ್ಲವೂ ಸಿಜಿನ್ಯಾಟ್ ಹಿಂದೆ, ಅಂದರೆ ಟೆಲಿಕಾಂ ಕಂಪನಿ ಎಷ್ಟೋ ಗ್ರಾಹಕರಿಗೆ ಒಂದೇ ಹೊರಗಿನ ಐಪಿ ಹಂಚುವ ವ್ಯವಸ್ಥೆಯ ಹಿಂದೆ. ರೌಟರ್‌ಗೆ 100.64ರ ಸಾಲಿನ ಐಪಿ ಬಂದಿದ್ದರೆ ಹೊರಗಿನಿಂದ ನೇರವಾಗಿ ಒಳಗೆ ಹೋಗುವ ಆಸೆ ಬಿಡಬೇಕು, ಅಲ್ವಾ?

ಮೊದಲು ದುಡ್ಡು ಸುರಿದು ನೋಡಿದೆ. ಸೈಟಿಗೊಂದು ಸ್ಟ್ಯಾಟಿಕ್ ಐಪಿ (ಬದಲಾಗದ, ಹೊರಗಿನಿಂದ ಕಾಣುವ ವಿಳಾಸ) ಸಿಮ್. ಅವಕ್ಕೆ ಒಂದು ತಿಂಗಳಿಗೆ ಕಟ್ಟುತ್ತಿದ್ದ ಬಾಡಿಗೆಯಲ್ಲಿ ಈಗಿನ ಸರ್ವರ್ ಹತ್ತಿರ ಹತ್ತಿರ ಎರಡು ವರ್ಷ ನಡೆಯುತ್ತದೆ. ಮೇಲಾಗಿ ಐಪಿ ಹೊರಗೆ ಕಾಣಿಸಿದ ದಿನದಿಂದಲೇ ಎಸ್‌ಎಸ್‌ಎಚ್‌ನ 22ನೇ ಪೋರ್ಟಿಗೆ ಪಾಸ್‌ವರ್ಡ್ ಊಹಿಸುವವರ ಕಾಟ. ಲಾಗ್ ಬರೆದೂ ಬರೆದೂ ಒಂದೆರಡು ಮೆಮರಿ ಕಾರ್ಡ್ ಸತ್ತವು ಅಂತ ನನ್ನ ಗುಮಾನಿ. ಆಮೇಲೆ ದುಡ್ಡಿಗೆ ಸಿಗುವ ರಿಮೋಟ್ ಸಾಫ್ಟ್‌ವೇರ್ ಒಂದನ್ನು ಹಿಡಿದೆ. ಬಾಕ್ಸಿಗಿಷ್ಟು ಅಂತ ಲೆಕ್ಕ. ಬಾಕ್ಸ್ ಹೆಚ್ಚಾದಂತೆ ಬಿಲ್ಲೂ ಬೆಳೆಯಿತು, ಎರಡನೇ ವರ್ಷ ದರವೂ ಏರಿತು. ವೈರ್‌ಗಾರ್ಡ್ ಎಂಬ ವಿಪಿಎನ್ ಚೆನ್ನಾಗಿಯೇ ಇದೆ, ಅದನ್ನು ಬೈಯುವುದಿಲ್ಲ. ಆದರೆ ಅದು ಲಿನಕ್ಸ್ ಕರ್ನಲ್‌ನೊಳಗೆ ಬಂದಿದ್ದು 2020ರಲ್ಲಿ, 5.6ರಿಂದ. ನನ್ನ ಅರ್ಧ ಬಾಕ್ಸ್‌ಗಳ ಕರ್ನಲ್ ಅದಕ್ಕಿಂತ ಹಳೆಯದು. ಮೇಲಾಗಿ ಅದು ಓಡುವುದು ಯುಡಿಪಿಯಲ್ಲಿ (ಟಿಸಿಪಿಯಂತೆ ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸುವ ವಿಧಾನ), ಕೆಲವು ಸೈಟ್‌ಗಳಲ್ಲಿ ಯುಡಿಪಿಯನ್ನೇ ಬಿಡುವುದಿಲ್ಲ.

ಕೊನೆಗೆ ಉಳಿದದ್ದು ಮೊದಲಿಂದಲೂ ಕೈಯಲ್ಲಿದ್ದ ಎಸ್‌ಎಸ್‌ಎಚ್ ಸಾಫ್ಟ್‌ವೇರ್, ಓಪನ್‌ಎಸ್‌ಎಸ್‌ಎಚ್. ಬಾಕ್ಸ್ ತಾನೇ ಹೊರಗೆ ಹೊರಟು ಸರ್ವರ್‌ನ 443ನೇ ಪೋರ್ಟ್ ಸೇರುತ್ತದೆ. 22ನ್ನು ಎಷ್ಟೋ ಕಡೆ ತಡೆಯುತ್ತಾರೆ, ವೆಬ್‌ಸೈಟ್‌ಗಳು ಬಳಸುವ 443 ತಡೆಯುವವರು ಕಡಿಮೆ. ಸೇರಿದ ಮೇಲೆ ಸರ್ವರ್‌ನ ಲೂಪ್‌ಬ್ಯಾಕ್‌ನಲ್ಲಿ (ಆ ಮಷಿನ್ ಒಳಗಷ್ಟೇ ಕಾಣುವ ವಿಳಾಸ) ತನಗೊಂದು ಪೋರ್ಟ್ ತೆರೆಸಿಕೊಳ್ಳುತ್ತದೆ. ನಾನು ಪ್ರಾಕ್ಸಿಜಂಪ್ (ನಡುವಿನ ಸರ್ವರ್ ಮೂಲಕ ಮುಂದೆ ಹೋಗುವ ಎಸ್‌ಎಸ್‌ಎಚ್ ಆಯ್ಕೆ) ಹಾಕಿ ಆ ಪೋರ್ಟಿಗೆ ಹಾರುತ್ತೇನೆ. ಅಷ್ಟೇ ವಿಷಯ. ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಮಾಡಬಹುದು. ಮಾಡಿದ್ದು ನಿಲ್ಲುವುದಿಲ್ಲ, ತಕರಾರು ಅಲ್ಲಿ.

ಮೊದಲ ಕಾಟ, ಸುಮ್ಮನೆ ಕೂತ ಟನಲ್ ಸಾಯುವುದು. ನ್ಯಾಟ್ ಸಾಧನಗಳು ಟಿಸಿಪಿ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷ ನೆನಪಿಡಬೇಕು ಅಂತ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 5382 ಹೇಳುತ್ತದೆ. ನನ್ನ ಸಿಮ್‌ಗಳಲ್ಲಿ ಕೆಲವು ಐದು ನಿಮಿಷಕ್ಕೇ ಮರೆಯುತ್ತಿದ್ದವು. ಲಿನಕ್ಸಿನ ಟಿಸಿಪಿ ಕೀಪ್‌ಅಲೈವ್ (ಸಂಪರ್ಕ ಬದುಕಿದೆಯೇ ಅಂತ ಕೇಳುವ ಚಿಕ್ಕ ಪ್ಯಾಕೆಟ್) ಮೊದಲ ಸಲ ತಟ್ಟುವುದೇ 2 ಗಂಟೆ ಆದ ಮೇಲೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಸ್‌ಎಸ್‌ಎಚ್ ತಾನೇ ಎಷ್ಟು ಸೆಕೆಂಡಿಗೊಮ್ಮೆ ತಟ್ಟಬೇಕು ಎನ್ನುವ ಸರ್ವರ್‌ಅಲೈವ್‌ಇಂಟರ್ವಲ್ ಅಂತೂ ಡೀಫಾಲ್ಟ್ ಆಗಿ ಸೊನ್ನೆ. ಅದನ್ನು 30ಕ್ಕೆ ಇಟ್ಟೆ. ಡೇಟಾ ತಿನ್ನುತ್ತದೆ ಅಂತ ಹೆದರಿಸಿದವರಿದ್ದರು. ಬಾಕ್ಸಿಗೆ ತಿಂಗಳಿಗೆ 20–30 ಎಂಬಿ ಆಗುತ್ತದೆ, ಜಾಸ್ತಿ ಏನಿಲ್ಲ.

ಇದರ ಬೆನ್ನಿಗೇ ಇನ್ನೊಂದು ಕಾಟ. ಬಾಕ್ಸ್ ಕಡೆ ಸಂಪರ್ಕ ಸತ್ತಿದ್ದು ಸರ್ವರ್‌ಗೆ ಗೊತ್ತಿರುವುದಿಲ್ಲ. ಹಳೇ ಸೆಷನ್ ಪೋರ್ಟನ್ನು ಹಿಡಿದುಕೊಂಡೇ ಕೂತಿರುತ್ತದೆ. ಬಾಕ್ಸ್ ಮತ್ತೆ ಬಂದು ಅದೇ ಪೋರ್ಟ್ ಕೇಳುತ್ತದೆ, ಸಿಗುವುದಿಲ್ಲ. ಆದರೂ ಎಸ್‌ಎಸ್‌ಎಚ್ ಒಂದು ಎಚ್ಚರಿಕೆ ಬರೆದು ಲಾಗಿನ್ ಆಗಿ ಹಾಯಾಗಿ ಕೂತುಬಿಡುತ್ತದೆ! ಸಂಪರ್ಕ ಇದೆ, ಟನಲ್ ಇಲ್ಲ. ಅದಕ್ಕೆ ಬಾಕ್ಸ್ ಕಡೆ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್ (ಪೋರ್ಟ್ ಸಿಗದಿದ್ದರೆ ಹೊರಬೀಳು ಅಂತ), ಸರ್ವರ್ ಕಡೆ ಕ್ಲೈಂಟ್‌ಅಲೈವ್‌ಇಂಟರ್ವಲ್ 30 (ಸರ್ವರ್ ಬಾಕ್ಸನ್ನು ತಟ್ಟುವ ಸೆಕೆಂಡು). ಉತ್ತರ ಬರದಿದ್ದರೆ ಎಷ್ಟು ಸಲ ನೋಡಬೇಕು ಎನ್ನುವ ಕೌಂಟ್‌ಮ್ಯಾಕ್ಸ್ ಹೇಗೂ 3, ಹಾಗಾಗಿ ಒಂದೂವರೆ ನಿಮಿಷಕ್ಕೆ ಸತ್ತ ಸೆಷನ್ ಹೊರಗೆ ಬೀಳುತ್ತದೆ. ಈ ಎರಡು ಸಾಲು ಜೋಡಿಯಾಗಿ ಇರಲೇಬೇಕು. ಒಂದನ್ನೇ ಹಾಕಿ "ಕೆಲಸ ಮಾಡಲ್ಲ" ಅನ್ನುವವರನ್ನು ತುಂಬಾ ನೋಡಿದ್ದೇನೆ.

ಬಿದ್ದ ಟನಲ್ ಮತ್ತೆ ಎಬ್ಬಿಸುವ ಆಟೋಎಸ್‌ಎಸ್‌ಎಚ್ ಬಳಸಿದೆ, ಬಿಟ್ಟೆ. ಸಿಸ್ಟಮ್‌ಡಿ ಸಾಕು. ಆದರೆ ಅದಕ್ಕೂ ಒಂದು ಚಾಳಿ ಇದೆ. ರೀಸ್ಟಾರ್ಟ್ ಆಲ್ವೇಸ್ ಅಂತ ಬರೆದರೂ ಅದು ಸದಾ ಎಬ್ಬಿಸುವುದಿಲ್ಲ. 10 ಸೆಕೆಂಡಿನಲ್ಲಿ 5 ಸಲ ಬಿದ್ದರೆ ಕೈಬಿಡುತ್ತದೆ. ಎರಡು ಪ್ರಯತ್ನಗಳ ನಡುವಿನ ಡೀಫಾಲ್ಟ್ ಬಿಡುವು 100 ಮಿಲಿಸೆಕೆಂಡ್. ಅಂದರೆ ನೆಟ್ ಇಲ್ಲದ ಹೊತ್ತಲ್ಲಿ ಒಂದೆರಡು ಸೆಕೆಂಡಿನಲ್ಲೇ ಐದೂ ಪ್ರಯತ್ನ ಮುಗಿದು ಬಾಕ್ಸ್ ಕಾಯಂ ಮೌನ. ಒಂದು ರಾತ್ರಿ ನೆಟ್‌ವರ್ಕ್ ಹೋಗಿ ಬಂದ ಮೇಲೆ ಹತ್ತು ಹನ್ನೆರಡು ಬಾಕ್ಸ್ ಹೀಗೇ ಮಲಗಿದವು. ಒಂದೊಂದು ಸೈಟಿಗೆ ಹೋಗಿ ಬರುವ ಖರ್ಚು ಅಂದರೆ ಸರ್ವರ್‌ನ ಮೂರು ನಾಲ್ಕು ತಿಂಗಳ ಬಾಡಿಗೆ. ಅದಕ್ಕೆ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ 0 (ಆ ಮಿತಿಯೇ ಬೇಡ ಅಂತ), ರೀಸ್ಟಾರ್ಟ್‌ಸೆಕ್ (ಪ್ರಯತ್ನಗಳ ನಡುವಿನ ಬಿಡುವು) 20 ಆಸುಪಾಸು. ಆಮೇಲೆ ಆ ಥರ ಮಲಗಿದ್ದಿಲ್ಲ.

ಎಲ್ಲಕ್ಕಿಂತ ತಲೆ ತಿಂದಿದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎನ್ನುವ ಮಿತಿ. ಮೂರು ಸೈಟ್‌ಗಳಲ್ಲಿ ಪಿಂಗ್ ಹೋಗುತ್ತದೆ, ಟಿಸಿಪಿ ಸೇರುತ್ತದೆ, ಎರಡೂ ಕಡೆಯ ವರ್ಷನ್ ಸಾಲು ಕಾಣಿಸುತ್ತದೆ, ಕೀ ಎಕ್ಸ್‌ಚೇಂಜ್‌ನಲ್ಲಿ (ಎರಡೂ ಕಡೆ ಗುಟ್ಟಿನ ಕೀ ಒಪ್ಪಿಕೊಳ್ಳುವ ಹಂತ) ಬಂದು ನಿಂತುಬಿಡುತ್ತದೆ. ಎಲ್ಲ ವಿವರ ತೋರಿಸುವ ಮೈನಸ್ ವಿವಿವಿ ಹಾಕಿದರೂ ಬೈಗುಳವಿಲ್ಲ, ಎರರ್ ಇಲ್ಲ. ದೊಡ್ಡ ಪ್ಯಾಕೆಟ್ ಮೊದಲ ಸಲ ಹೊರಡುವುದು ಅಲ್ಲೇ. ಅಲ್ಗಾರಿದಮ್ ಪಟ್ಟಿಯೇ ಒಂದು ಕೆಬಿ ದಾಟುತ್ತದೆ. 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಕ್ವಾಂಟಮ್ ಕಂಪ್ಯೂಟರ್ ಭಯಕ್ಕೆ ಸೇರಿಸಿದ ಹೊಸ ಕೀ ವಿಧಾನ ಡೀಫಾಲ್ಟ್ ಆಯಿತು. ಮೊದಲು ಅಲ್ಲಿ ಹೋಗುತ್ತಿದ್ದುದು 32 ಬೈಟ್, ಈಗ ಸಾವಿರದ ಇನ್ನೂರರ ಹತ್ತಿರ. ದಾರಿಯಲ್ಲಿ ಯಾರೋ ಐಸಿಎಂಪಿಯನ್ನು (ನೆಟ್‌ವರ್ಕ್ ತನ್ನ ತೊಂದರೆ ತಿಳಿಸುವ ಸಂದೇಶ) ನುಂಗುತ್ತಿದ್ದರೆ "ಪ್ಯಾಕೆಟ್ ದೊಡ್ಡದಾಯ್ತು" ಎನ್ನುವ ಸುದ್ದಿ ವಾಪಸ್ ಬರುವುದೇ ಇಲ್ಲ. ಸಿಮ್ ಬದಲಿಸಿ, ರೌಟರ್ ಬದಲಿಸಿ, ದುಡ್ಡು ಹಾಳಾದ ಮೇಲೆ ಬಾಕ್ಸಿನ ಎಂಟಿಯು 1500ರಿಂದ 1340ಕ್ಕೆ ಇಳಿಸಿದೆ. ಮೂರೂ ಒಂದೇ ಏಟಿಗೆ ಸೇರಿದವು. ಇದು ಟೆಲಿಕಾಂ ಕಂಪನಿಯ ಸಮಸ್ಯೆ ಅಂತ ಸೈಟಿನವರು ಪತ್ರ ಬರೆಯುತ್ತಾ ಕೂತಿದ್ದರು, ಪಾಪ.

ನಡುವೆ ಒಂದು ಪ್ರಯೋಗ. ಜಾಣತನ ತೋರಿಸೋಣ ಅಂತ ಕೀ ಬದಲು ಎಸ್‌ಎಸ್‌ಎಚ್ ಸರ್ಟಿಫಿಕೇಟ್ (ಸಹಿ ಹಾಕಿ ಅವಧಿ ಕಟ್ಟಿದ ಕೀ) ತಂದೆ, ಎಂಟು ಗಂಟೆ ಆಯಸ್ಸು. ಕಾಗದದ ಮೇಲೆ ಚಂದ. ಆದರೆ ನನ್ನ ಬಾಕ್ಸ್‌ಗಳಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅವು ಹಳೇ ದಿನದಲ್ಲೇ ಎದ್ದೇಳುತ್ತವೆ. ನೆಟ್‌ನಿಂದ ಗಡಿಯಾರ ಸರಿಮಾಡುವ ಎನ್‌ಟಿಪಿಯೂ ಯುಡಿಪಿ, ಅದನ್ನು ತಡೆದ ಸೈಟಿನಲ್ಲಿ ಸಮಯ ಸರಿಹೋಗುವುದಿಲ್ಲ. ಇಂದು ಬೆಳಿಗ್ಗೆ ಹುಟ್ಟಿದ ಸರ್ಟಿಫಿಕೇಟ್ ಕಂಡು ಬಾಕ್ಸ್ "ಇದು ಇನ್ನೂ ಜಾರಿಗೆ ಬಂದಿಲ್ಲ" ಎನ್ನುತ್ತದೆ! ಈಗ ಟನಲ್‌ಗೆ ಮಾಮೂಲಿ ಇಡಿ25519 ಕೀ, ಮನುಷ್ಯರಿಗೆ ಸರ್ಟಿಫಿಕೇಟ್. ಆಪತ್ತಿಗೆ ಅಂತ ಪ್ರತಿ ಬಾಕ್ಸಿನಲ್ಲೂ ಒಂದು ಮಾಮೂಲಿ ಕೀ. ಗಡಿಯಾರವನ್ನು ಟನಲ್ ಮೂಲಕವೇ ಸರಿ ಮಾಡುವ ಒಂದು ಉಪಾಯವೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಸೆಕ್ಯುರಿಟಿ ಬಗ್ಗೆ ತಕರಾರು ಎತ್ತಿದವರಿಗೆ ಚಿಕ್ಕ ಉತ್ತರ. ಬಾಕ್ಸಿನ ಎಸ್‌ಎಸ್‌ಎಚ್‌ಡಿ (ಲಾಗಿನ್ ಒಳಗೆ ಬಿಡುವ ಪ್ರೋಗ್ರಾಂ) ಕೇಳುವುದು 127.0.0.1ರಲ್ಲಿ ಮಾತ್ರ. ಸರ್ವರ್‌ನಲ್ಲಿ ಪ್ರತಿ ಕೀಗೂ ರಿಸ್ಟ್ರಿಕ್ಟ್ (ಎಲ್ಲ ಬಂದ್), ಪೋರ್ಟ್ ಫಾರ್ವರ್ಡಿಂಗ್ (ಇದಕ್ಕೆ ಮಾತ್ರ ಅನುಮತಿ), ಪರ್ಮಿಟ್‌ಲಿಸನ್‌ನಲ್ಲಿ ಅದರದೇ ಒಂದು ಪೋರ್ಟ್. ಆ ಯೂಸರ್‌ಗೆ ಶೆಲ್ ಇಲ್ಲ. ಅಲೋಟಿಸಿಪಿಫಾರ್ವರ್ಡಿಂಗ್‌ಗೆ ರಿಮೋಟ್ (ಉಲ್ಟಾ ಟನಲ್ ಮಾತ್ರ) ಅಂತ ಕೊಟ್ಟಿದ್ದೇನೆ, ಹಾಗಾಗಿ ಒಂದು ಬಾಕ್ಸ್ ಕಳ್ಳರ ಕೈಗೆ ಸಿಕ್ಕರೂ ಅಲ್ಲಿಂದ ಇನ್ನೊಂದಕ್ಕೆ ಹೋಗಲಾಗದು. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್ ಸರ್ವರ್‌ನ ರಿಗ್ರೆಶನ್ ಎಂಬ ಭದ್ರತಾ ತೂತು ಹೊರಬಂದಾಗ ಬೇರೆಯವರು ಎಲ್ಲ ಮಷಿನ್‌ಗಳ ಹಿಂದೆ ಓಡುತ್ತಿದ್ದರು. ನನಗೆ ಆ ರಾತ್ರಿ ಸರಿಪಡಿಸಬೇಕಿದ್ದುದು ಒಂದೇ ಸರ್ವರ್. ಅದನ್ನು 9.8ಕ್ಕೆ ಏರಿಸಿ ಮಲಗಿದೆ.

ಬೆಳಿಗ್ಗೆ ಎದ್ದರೆ ಒಂದೇ ಕಂಪನಿಯ ಸಿಮ್ ಇರುವ ಬಾಕ್ಸ್‌ಗಳು ಗುಂಪಾಗಿ ಕಾಣೆ. ಕಾರಣ 9.8ರಲ್ಲೇ ಬಂದ ಪರ್‌ಸೋರ್ಸ್‌ಪೆನಾಲ್ಟೀಸ್. ಲಾಗಿನ್‌ನಲ್ಲಿ ಪದೇ ಪದೇ ಸೋಲುವ ಐಪಿಯನ್ನು ಅದು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸುತ್ತದೆ. ಸಿಜಿನ್ಯಾಟ್‌ನಲ್ಲಿ ಇಪ್ಪತ್ತು ಬಾಕ್ಸ್‌ಗಳಿಗೂ ಹೊರಗೆ ಕಾಣುವ ಐಪಿ ಒಂದೇ. ಕಪಾಟಿಗೆ ಹೋಗಬೇಕಿದ್ದ ಒಂದು ಹಳೇ ಬಾಕ್ಸ್ ರದ್ದಾದ ಕೀ ಹಿಡಿದು ಬಡಿಯುತ್ತಲೇ ಇತ್ತು. ಶಿಕ್ಷೆ ಎಲ್ಲಕ್ಕೂ. ಅದರ ವಿನಾಯಿತಿ ಪಟ್ಟಿ ಎಕ್ಸೆಂಪ್ಟ್‌ಲಿಸ್ಟ್‌ಗೆ ಆ ಸಾಲಿನ ಐಪಿಗಳನ್ನು ಹಾಕಿದೆ, ಸರಿಹೋಯಿತು. ಸರ್ವರ್ ರೀಬೂಟ್ ಆದಾಗ ಎಲ್ಲ ಒಟ್ಟಿಗೆ ನುಗ್ಗುವುದೂ ಇದೇ ಜಾತಿಯ ತೊಂದರೆ. ಮ್ಯಾಕ್ಸ್‌ಸ್ಟಾರ್ಟಪ್ಸ್ ಡೀಫಾಲ್ಟ್ 10:30:100, ಅಂದರೆ ಲಾಗಿನ್ ಮುಗಿಯದ ಸಂಪರ್ಕ ಹತ್ತಾದ ಕೂಡಲೇ ಕೆಲವನ್ನು ಬೀಳಿಸಲು ಶುರುಮಾಡುತ್ತದೆ. ಅದನ್ನು ಏರಿಸಿದೆ. ಜೊತೆಗೆ ಪ್ರತಿ ಬಾಕ್ಸೂ ತನ್ನ ಸೀರಿಯಲ್ ನಂಬರ್ ಲೆಕ್ಕದಲ್ಲಿ ಬೇರೆ ಬೇರೆ ಹೊತ್ತು ತಡೆದು ಹೊರಡುತ್ತದೆ.

ದೂರದಿಂದ ಫೈರ್‌ವಾಲ್ ಮುಟ್ಟುವವರು ಒಂದು ಅಭ್ಯಾಸ ಇಟ್ಟುಕೊಳ್ಳಿ. ಸಿಸ್ಟಮ್‌ಡಿ-ರನ್ ಆನ್-ಆಕ್ಟಿವ್ 10 ನಿಮಿಷ ಅಂತ ಹಳೇ ನಿಯಮ ವಾಪಸ್ ತರುವ ಕೆಲಸವನ್ನು ಮೊದಲು ಹಚ್ಚಿ, ಆಮೇಲೆ ಹೊಸದನ್ನು ಹಾಕಿ. ಒಳಗೇ ಇದ್ದರೆ ಆ ಟೈಮರ್ ರದ್ದು ಮಾಡಿ. ಹೊರಗೆ ಬಿದ್ದರೆ ಚಹಾ ಕುಡಿಯುವಷ್ಟು ಹೊತ್ತು ಕಾಯಿರಿ. ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಮುಟ್ಟಿದರೆ ತಪ್ಪಿದೆಯೇ ಅಂತ ನೋಡುವ ಮೈನಸ್ ಟಿ ಓಡಿಸದೆ ರೀಲೋಡ್ ಬೇಡವೇ ಬೇಡ.

ಎಸ್‌ಎಸ್‌ಎಚ್ ಥರದ ಇನ್ನೊಂದು ಲಾಗಿನ್ ಸಾಧನ ಮಾಶ್ ಕೂಡ ನೋಡಿದೆ. ನೆಟ್ ಕುಂಟುವ ಕಡೆ ಟೈಪ್ ಮಾಡಲು ಸುಖ. ಆದರೆ ಅದಕ್ಕೆ 60000ದ ಮೇಲಿನ ಯುಡಿಪಿ ಪೋರ್ಟ್ ಬೇಕು, ಟನಲ್‌ನೊಳಗೆ ಬರುವುದಿಲ್ಲ. ಹಾಗಾಗಿ ನಾನು ಕೂತಲ್ಲಿಂದ ಸರ್ವರ್‌ವರೆಗೆ ಮಾಶ್, ಅಲ್ಲಿಂದ ಮುಂದೆ ಎಸ್‌ಎಸ್‌ಎಚ್, ಬಾಕ್ಸಿನೊಳಗೆ ಸಂಪರ್ಕ ಹೋದರೂ ಕೆಲಸ ಉಳಿಸುವ ಟಿಮಕ್ಸ್. ಆ ದಾರಿಯಲ್ಲಿ ಪ್ರಾಕ್ಸಿಜಂಪ್ ಇಲ್ಲ, ಕೀಯನ್ನು ಏಜೆಂಟ್ (ಕೀ ಹಿಡಿದಿಟ್ಟುಕೊಳ್ಳುವ ಪ್ರೋಗ್ರಾಂ) ಮೂಲಕ ದಾಟಿಸಬೇಕಾಗುತ್ತದೆ, ಅದು ನನಗೆ ಅಷ್ಟು ಇಷ್ಟವಿಲ್ಲ. ಅವಸರದ ದಿನ ಮಾತ್ರ ಬಳಸುತ್ತೇನೆ.

ಈಗ ಸರ್ವರ್‌ನಲ್ಲಿ ಒಂದು ಟನಲ್‌ಗೆ ಹತ್ತು ಎಂಬಿ ಮೆಮರಿ ಹಿಡಿದರೆ ಜಾಸ್ತಿ. ಸಿಪಿಯು ನಿದ್ದೆ ಮಾಡುತ್ತಿದೆ. ಸೈಟಿಗೆ ಹೋಗುವುದು ಪವರ್ ಸಪ್ಲೈ ಸುಟ್ಟಾಗ ಮಾತ್ರ. ಉಳಿದ ಒಂದೇ ಚಿಂತೆ ಆ ಒಂದೇ ಸರ್ವರ್. ಬೇರೆ ಡೇಟಾಸೆಂಟರ್‌ನಲ್ಲಿ ಎರಡನೆಯದನ್ನು ಹಿಡಿದಿದ್ದೇನೆ. ಹತ್ತು ಬಾಕ್ಸ್‌ಗಳಿಂದ ಎರಡಕ್ಕೂ ಟನಲ್ ಹೋಗುತ್ತಿದೆ. ಕೀಪ್‌ಅಲೈವ್ ಡೇಟಾ ಎರಡು ಪಟ್ಟಾಗಿದೆ. ಒಂದು ತಿಂಗಳು ಬಿಲ್ ನೋಡಿಕೊಂಡು ಉಳಿದವನ್ನೂ ಸೇರಿಸುತ್ತೇನೆ.